ಟೀವಿಯ ಟ್ಯೂಬು, ಆಟದ ಡಬ್ಬಿ

ಇವತ್ತು ಪಿಕ್ಚರ್ ಟ್ಯೂಬಿನ ಕಥೆ ಹೇಳ್ತೀನಿ.

1972ರಲ್ಲಿ ಅಟಾರಿಯ ಆಲ್ ಆಲ್ಕಾರ್ನ್ ‘ಪಾಂಗ್’ ಆಟ ಕಟ್ಟುವಾಗ, ಅಂಗಡಿಯಿಂದ ತಂದ ಹಿಟಾಚಿ ಕಪ್ಪು-ಬಿಳುಪು ಟೀವಿಯನ್ನೇ ಮರದ ಡಬ್ಬಿಯೊಳಗೆ ಕೂರಿಸಿದರು. ಅಂದ್ರ ಆರ್ಕೇಡ್ ಪರದೆಯ ತವರುಮನೆ ಟೀವಿನೇ.

ಆ ಟೀವಿ ನಮ್ಮ ಕಡೆ ಬಂದದ್ದೂ ಬೇಗ. 1975ರ ಆಗಸ್ಟ್ 1ರಂದು ಶುರುವಾದ ‘ಸೈಟ್’ ಪ್ರಯೋಗ, ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿ ಮುಟ್ಟಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು, ಮತ್ತ ಮುದ್ದೇಬಿಹಾಳ ಇರುವ ನಮ್ಮ ಬಿಜಾಪುರ ಜಿಲ್ಲೆ. ಬೆಂಗಳೂರು ದೂರದರ್ಶನ ಕೇಂದ್ರ ಬಂದದ್ದು 1981ಕ್ಕ!

ಆಟದ ಯಂತ್ರ ದಿನವಿಡೀ ಉರಿಯತದ. ಕ್ಯಾಥೋಡ್ ಸವೆದು ಚಿತ್ರ ಮಂಕಾಗತದ. ಒಂದೇ ಚಿತ್ರ ನಿಂತು ನಿಂತು ಗಾಜಿನ ಒಳಬದಿಯ ಲೇಪ ಸುಟ್ಟು ಅಚ್ಚು ಬೀಳತದ. ಆಗ ಹಳೇ ಟೀವಿಯ ಟ್ಯೂಬೇ ಗತಿ. ಅಳತೆ, ಕುತ್ತಿಗೆಯ ದಪ್ಪ, ಪಿನ್ನು, ಹೀಟರ್ ವೋಲ್ಟೇಜ್ ಹೊಂದಬೇಕು. ಕುತ್ತಿಗೆಯ ಯೋಕ್ ಸುರುಳಿ ಮಾನಿಟರಿನ ಸರ್ಕ್ಯೂಟಿಗೆ ಒಗ್ಗಬೇಕು. ಇಲ್ಲಾಂದ್ರ ಹಳೇ ಯೋಕನ್ನೇ ಹೊಸ ಟ್ಯೂಬಿಗೆ ತೊಡಿಸಿ, ಬಣ್ಣ ಮತ್ತೆ ಕೂಡಿಸಬೇಕು. ಆದ್ರ ಸ್ವಿಚ್ ಆರಿಸಿದ ಮೇಲೂ ಟ್ಯೂಬಿನಾಗ ಸಾವಿರಾರು ವೋಲ್ಟ್ ಉಳಿದಿರತದ. ಬಲ್ಲ ಮೆಕ್ಯಾನಿಕ್ ಬಿಟ್ಟು ಬೇರೆಯವರು ಕೈ ಹಾಕಬಾರದು.

ಒಂದು ಕಾಲಕ್ಕ ಬೆಂಗಳೂರಿನ ಬಿಇಎಲ್ ಸಹ ಕಪ್ಪು-ಬಿಳುಪು ಟ್ಯೂಬ್ ತಯಾರಿಸುತ್ತಿತ್ತು. ಇವತ್ತು ಟ್ಯೂಬ್ ಇರೋದು ಗುಜರಿಯಾಗ. ಅದಕ್ಕ ನನ್ನ ಮಾತಿಷ್ಟೇ: ಹಳೇ ಟೀವಿ ಒಡೆಯೋ ಮೊದಲು ಒಮ್ಮೆ ಹಚ್ಚಿ ನೋಡ್ರಿ. ಅದರ ಗಾಜು ಚೂರಾದ್ರ, ಎಲ್ಲೋ ಒಂದು ಆಟವೂ ಕತ್ತಲಾಗತದ.