ಆಮದಾದ ಮೋಟಾರೂ ಊರಿನ ಕಟ್ಟಳೆಯೂ

ಕೊಡಿಯಾಲ್‌ಬೈಲೆಂಬ ಹೆಸರಿನಲ್ಲಿಯೇ ಗದ್ದೆಯ ಬೈಲೊಂದು ಅಡಗಿರುವುದು. ಇಲ್ಲಿ ೧೮೮೦ರಲ್ಲಿ ಸಂತ ಎಲೋಶಿಯಸ್ ಕಾಲೇಜು ಸ್ಥಾಪಿತವಾಯಿತು. ೧೮೮೨ರಲ್ಲಿ ಕೊಡಿಯಾಲ್‌ಬೈಲ್ ಮುದ್ರಣಾಲಯವು ಹುಟ್ಟಿತು. ಬೈಲು ಬೀದಿಯಾಗಿ, ಇಂದು ಮೋಟಾರುಗಳ ಪ್ರವಾಹವೇ ಅಲ್ಲಿ ಹರಿಯುತ್ತಿದೆ. ಆ ಪ್ರವಾಹದ ನಡುವೆ ಆಗಾಗ ಪರದೇಶದ ಕಾರೊಂದು, ಗಾಲಿಯನ್ನು ಅಗಲಿಸಿ, ಒಡಲನ್ನು ತಗ್ಗಿಸಿ, ಹೊಗೆಕೊಳವೆಯನ್ನು ಬದಲಿಸಿದ ವೇಷದಲ್ಲಿ ಕಾಣಿಸಿಕೊಳ್ಳುವುದುಂಟು. ಅದರ ಬೆಲೆಯೆಷ್ಟೆಂದು ಕೇಳುವವರು ಅನೇಕರು. ಅದು ಯಾವ ಕಟ್ಟಳೆಗೆ ಒಳಪಟ್ಟು ಬೀದಿಗಿಳಿಯಬೇಕೆಂದು ಕೇಳುವವರು ವಿರಳ. ಆ ಕಟ್ಟಳೆಗೆ ಒಂದು ಶತಮಾನಕ್ಕೂ ಮಿಕ್ಕ ಚರಿತ್ರೆಯುಂಟು.

ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನೂ ರಥಾಧ್ಯಕ್ಷನೂ ಬೇರೆಬೇರೆ ಅಧಿಕಾರಿಗಳು. ಒಬ್ಬನು ಪುರದ್ವಾರದಲ್ಲಿ ಸರಕಿನ ಸುಂಕವನ್ನು ಎತ್ತುವವನು. ಇನ್ನೊಬ್ಬನು ರಥಗಳ ನಿರ್ಮಾಣವನ್ನೂ ಪ್ರಮಾಣವನ್ನೂ ನೋಡಿಕೊಳ್ಳುವವನು. ಸುಂಕವನ್ನು ತೆರುವುದು ಒಂದು, ವಾಹನವು ಯೋಗ್ಯವಾಗಿರುವುದು ಮತ್ತೊಂದು ಎಂಬ ಈ ಭೇದವೇ ಆಧುನಿಕ ಮೋಟಾರಿನ ಕಾಯಿದೆಗೂ ಅಸ್ತಿಭಾರವಾಗಿದೆ.

ಈ ಜಿಲ್ಲೆಯ ಮಟ್ಟಿಗೆ ೧೯೧೪ನೆಯ ಇಸವಿಯು ಸ್ಮರಣೀಯವಾದುದು. ಜನರು ಸಿ.ಪಿ.ಸಿ. ಎಂದು ಕರೆಯುತ್ತಿದ್ದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯು ಆ ವರ್ಷ ಮಂಗಳೂರಿನಲ್ಲಿ ಬಸ್ಸಿನ ಸಂಚಾರವನ್ನು ಆರಂಭಿಸಿತು. ಹಿಂದೂಸ್ಥಾನದ ಮೋಟಾರು ವಾಹನಗಳ ಕಾಯಿದೆಯೂ ಅದೇ ವರ್ಷದ್ದು. ವಾಹನಕ್ಕೆ ನೋಂದಣಿ, ಚಾಲಕನಿಗೆ ಪರವಾನಗಿ, ಹದಿನೆಂಟು ತುಂಬದವನಿಗೆ ನಿಷೇಧ, ಇವು ಅದರ ಮುಖ್ಯಾಂಶಗಳು. ಉಳಿದ ನಿಯಮಗಳನ್ನು ರಚಿಸುವ ಅಧಿಕಾರವನ್ನು ಅದು ಪ್ರಾಂತ ಸರಕಾರಗಳಿಗೆ ಬಿಟ್ಟಿತು. ದಕ್ಷಿಣ ಕನ್ನಡವು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಇಲ್ಲಿಯ ಗಾಲಿಗೆ ಮದರಾಸಿನ ನಿಯಮವೇ ಪ್ರಮಾಣವಾಗಿತ್ತು.

ಆ ಕಾಲದ ಬಸ್ಸಾದರೋ ಇಡಿಯಾಗಿ ಆಮದಾದುದಲ್ಲ. ಯಂತ್ರವೂ ಗಾಲಿಗಳೂ ಕೂಡಿದ ಚಾಸಿಯು ಹಡಗಿನಲ್ಲಿ ಬರುತ್ತಿತ್ತು. ಅದರ ಮೇಲೆ ಮರದ ಒಡಲನ್ನು ಕಟ್ಟಿ ಆಸನಗಳನ್ನು ಜೋಡಿಸುತ್ತಿದ್ದವರು ಈ ದೇಶದ ಬಡಗಿಗಳೂ ಕಮ್ಮಾರರೂ. ಆದುದರಿಂದ ಮಾರ್ಪಾಡೆಂಬುದು ಅಂದು ಧನಿಕರ ವಿನೋದವಾಗಿರದೆ ಕುಶಲಕರ್ಮಿಗಳ ಜೀವನೋಪಾಯವಾಗಿತ್ತು. ೧೯೩೯ರ ಕಾಯಿದೆಯು ಈ ಸ್ವಾತಂತ್ರ್ಯಕ್ಕೆ ಒಂದು ಎಲ್ಲೆಯನ್ನು ಹಾಕಿತು. ನೋಂದಣಿ ಪತ್ರದ ವಿವರಗಳು ಸುಳ್ಳಾಗುವಂತೆ ವಾಹನವನ್ನು ಬದಲಿಸಬೇಕಾದರೆ ಒಡೆಯನು ಅಧಿಕಾರಿಗೆ ಅರಿಕೆ ಮಾಡಿ ಒಪ್ಪಿಗೆಯನ್ನು ಪಡೆಯತಕ್ಕದ್ದಾಯಿತು.

ಅಷ್ಟರಲ್ಲಿ ಮಹಾಯುದ್ಧವು ಬಂದೊದಗಿತು. ೧೯೪೧ರಲ್ಲಿ ಪೆಟ್ರೋಲಿಗೆ ಪಡಿತರವಾಗಲು, ದೇಶದ ಅನೇಕ ಬಸ್ಸುಗಳ ಬೆನ್ನಿಗೆ ಇದ್ದಲಿನ ಅನಿಲಯಂತ್ರಗಳು ಏರಿದುವು. ಭಾರವು ಹೆಚ್ಚಿತು, ಬಲವು ಕುಗ್ಗಿತು. ಏರುದಾರಿಯಲ್ಲಿ ಗಾಡಿಯು ಏದುಸಿರು ಬಿಟ್ಟಿತು. ಆದರೂ ಸಂಚಾರವು ನಿಲ್ಲಲಿಲ್ಲ. ಕಷ್ಟಕಾಲದಲ್ಲಿ ಮಾರ್ಪಾಡೇ ಜನರ ಯೋಗಕ್ಷೇಮವನ್ನು ವಹಿಸಿತೆಂಬುದನ್ನು ಮರೆಯಲಾಗದು.

೧೯೫೬ರ ನವೆಂಬರ ೧ರಂದು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ೧೯೮೮ರ ಹೊಸ ಕಾಯಿದೆಯೂ ಮೊದಲಿಗೆ ಹಳೆಯ ದಾರಿಯನ್ನೇ ಹಿಡಿದು, ಉಪಕರಣಗಳನ್ನು ಕೂಡಿಸುವುದರಿಂದಲೋ ಕಳೆಯುವುದರಿಂದಲೋ ತೂಕದಲ್ಲಿ ಶೇಕಡಾ ೨ನ್ನು ಮೀರದ ವ್ಯತ್ಯಾಸವಾದರೆ ಒಪ್ಪಿಗೆಯು ಬೇಡವೆಂದಿತು. ೨೦೦೦ದ ತಿದ್ದುಪಡಿಯಾದರೋ ಅಳತೆಗೋಲನ್ನೇ ಬದಲಿಸಿತು: ನೋಂದಣಿ ಪತ್ರದ ವಿವರಗಳು ತಯಾರಕನು ಮೂಲತಃ ವಿಧಿಸಿದ ಲಕ್ಷಣಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸಕೂಡದು. ಕೇರಳದಿಂದ ಬಂದ ವ್ಯಾಜ್ಯವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೯ರ ಜನವರಿ ೯ರಂದು ಇದೇ ಅರ್ಥವನ್ನು ದೃಢಪಡಿಸಿತು. ಅಂಗವೈಕಲ್ಯವುಳ್ಳವರಿಗಾಗಿ ಅಳವಡಿಸಿದ ವಾಹನಕ್ಕೆ ಕಾಯಿದೆಯು ಬೇರೆಯಾದ ಸ್ಥಾನವನ್ನು ಕೊಟ್ಟಿದೆ.

ಪರದೇಶದಲ್ಲಿ ಬಳಸಿದ ಕಾರನ್ನು ತರುವವನಿಗೆ ಇದಕ್ಕೂ ಮೊದಲು ಇನ್ನೊಂದು ಬಾಗಿಲುಂಟು. ಆಮದು ನೀತಿಯು ವಿಧಿಸಿದ ಸಾಮಾನ್ಯ ನಿಯಮದಂತೆ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಕೂಡದು, ಚುಕ್ಕಾಣಿಯು ಬಲಗಡೆಗಿರಬೇಕು, ವೇಗಮಾಪಕವು ಕಿಲೋಮೀಟರುಗಳನ್ನು ತೋರಿಸಬೇಕು, ಮುಂದೀಪಗಳ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದಬೇಕು. ಈ ಕೊನೆಯ ನಿಯಮವು ಕ್ಷುಲ್ಲಕವೆಂದು ತೋರಬಹುದು. ಆದರೆ ಬಲಬದಿಯ ಸಂಚಾರದ ದೇಶಕ್ಕಾಗಿ ಮಾಡಿದ ದೀಪವು ಇಲ್ಲಿ ಎದುರಿನಿಂದ ಬರುವವನ ಕಣ್ಣನ್ನೇ ಕೋರೈಸುವುದು. ಬಂದರಿನಲ್ಲಿ ಭಾರಿ ಸುಂಕವನ್ನು ತೆತ್ತ ರಸೀದಿಯು ಆ ಕಣ್ಣಿಗೆ ಕತ್ತಲೆಯನ್ನು ಕಳೆಯಲಾರದು.

ಕಟ್ಟಳೆಯು ಬಿಗಿಯಾದಂತೆ ಊರಿನ ಕೈಗೆಲಸದ ಜಾಣ್ಮೆಗೆ ಎಡೆಯು ಕಿರಿದಾಯಿತೆಂಬುದು ದಿಟ. ಇದ್ದಲಿನಿಂದ ಬಸ್ಸನ್ನು ಓಡಿಸಿದ ತಲೆಮಾರಿನ ಸಾಹಸವನ್ನು ಇಂದಿನ ನಿಯಮವು ಸುಲಭವಾಗಿ ಸಹಿಸದು. ಆದರೆ ಅಂದಿನ ಬದಲಾವಣೆಯು ಸರ್ವರ ಪ್ರಯಾಣಕ್ಕಾಗಿ ಆದುದು. ಇಂದಿನದು ಬಹುಮಟ್ಟಿಗೆ ಒಬ್ಬನ ಮೆಚ್ಚಿಕೆಗಾಗಿ. ಕಾರು ಒಬ್ಬನದು, ಬೀದಿಯು ಎಲ್ಲರದು. ಕೊಡಿಯಾಲ್‌ಬೈಲಿನ ಬೀದಿಯನ್ನು ದಿನವೂ ದಾಟುವ ಶಾಲೆಯ ಮಕ್ಕಳು ಯಾವ ಕಾರಿನ ಪತ್ರಗಳನ್ನೂ ಕೇಳಿ ನೋಡಲಾರರು. ಅವರ ಪರವಾಗಿ ಕೇಳಿ ನೋಡತಕ್ಕ ಹೊಣೆಯು ಕಾಯಿದೆಯದು. ಕೇಳುವ ಮೊದಲೇ ತೋರಿಸತಕ್ಕ ಸೌಜನ್ಯವು ಕಾರನ್ನು ತಂದವನದು.