ಪಹಣಿಯ ಕಲಂ ಮತ್ತು ಶ್ಯಾನುಭೋಗರ 'ಸದರಿ'

ಹೆಬ್ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತಹ ಬೆಟ್ಟಗಳ ನಡುವೆ ಇರುವ ಮಾಲೂರು ಸೀಮೆಯ ಟೇಕಲ್ಲು, ವರದರಾಜಸ್ವಾಮಿಯ ದೇವಾಲಯದಿಂದಲೂ ವಿಜಯನಗರ ಕಾಲದ ಶಾಸನಗಳಿಂದಲೂ ಖ್ಯಾತವಾದ ಸ್ಥಳ. ಅಂತಹ ಪೂರ್ವಕಾಲದ ದಾನಶಾಸನಗಳು ಭೂಮಿಯ ಚತುಸ್ಸೀಮೆಯನ್ನು ವಾಕ್ಯಗಳಲ್ಲಿ ವರ್ಣಿಸುತ್ತಿದ್ದುವು. 1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಮೋಜಣಿ ಆರಂಭವಾದ ತರುವಾಯ ಆ ವರ್ಣನೆಯು ಕ್ರಮೇಣ ಕಲಂಗಳಾಗಿ ಒಡೆದು, ಸರ್ವೆ ನಂಬರು, ಎಕರೆ-ಗುಂಟೆ, ಖರಾಬು, ಕಂದಾಯ ಎಂದು ಶ್ಯಾನುಭೋಗರ ಲೆಕ್ಕದ ಪುಸ್ತಕವನ್ನು ಸೇರಿತು.

ಒಂದೇ ಸಂಗತಿ ಸಾಲುಸಾಲಿಗೂ ಮರಳಿ ಬಂದಾಗ, ಮೊದಲ ಸಾಲಿನಲ್ಲಿ ಪೂರ್ಣವಾಗಿ ಬರೆದು, ಕೆಳಗೆ 'ಸದರಿ' ಎಂದೋ ಎರಡು ಸಣ್ಣ ಗೀಟುಗಳೆಂದೋ ಗುರುತಿಸಿ ಮುಂದುವರಿಯುವುದು ಬರವಣಿಗೆಯವರ ರೂಢಿ. ಆ ಗುರುತಿಗೆ ಸ್ವಂತ ಅರ್ಥವಿಲ್ಲ. ಮೇಲಿನ ಸಾಲು ಬದಲಾದರೆ, ಅಥವಾ ಹಿಸ್ಸಾ ಬಿದ್ದು ನಡುವೆ ಹೊಸ ಸಾಲು ಸೇರಿದರೆ, ಒಬ್ಬನ ರಾಗಿಯ ಹೊಲ ಮತ್ತೊಬ್ಬನ ಹೆಸರಿಗೆ ಅಂಟಿಕೊಳ್ಳಬಲ್ಲುದು. 1963ರಲ್ಲಿ ಶ್ಯಾನುಭೋಗಿಕೆ ರದ್ದಾಯಿತು, ರೂಢಿಯು ಉಳಿಯಿತು. 1974ರ ಭೂಸುಧಾರಣೆಯ ಬಳಿಕ ಪಹಣಿಯ 12ನೆಯ ಕಲಮಿನಲ್ಲಿ ಸಾಗುವಳಿದಾರನೆಂದು ಯಾರ ಹೆಸರಿತ್ತೆಂಬುದು ಗೇಣಿದಾರನ ಹಕ್ಕಿಗೆ ಬಲವಾದ ಸಾಕ್ಷ್ಯವಾದಾಗ, ವ್ಯವಧಾನವಿಲ್ಲದೆ ಬರೆದ ಒಂದು ಗೀಟು ಒಂದು ಸಂಸಾರದ ಅನ್ನವನ್ನೇ ತೂಗುವಂತಾದುದು ಕ್ಲೇಶಕರ ಸಂಗತಿ.

ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಅದೇ ಕಾಲದಲ್ಲಿ, 2000ದ ಫೆಬ್ರವರಿ 29ರಂದು, ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರದ 'ಆರ್' ಎಂಬ ಗಣಕಭಾಷೆಯ ಪ್ರಥಮ ಪೂರ್ಣ ಆವೃತ್ತಿ ಹೊರಬಿದ್ದಿತು. ಹಳೆಯ ಗೀಟಿನ ಬುದ್ಧಿ ಇದರಲ್ಲಿಯೂ ಇದೆ. 40 ಸಾಲುಗಳ ಕೋಷ್ಟಕದ ಒಂದು ಕಲಮಿಗೆ 'ಖುಷ್ಕಿ', 'ತರಿ' ಎಂಬ ಎರಡೇ ಮೌಲ್ಯಗಳನ್ನು ಕೊಟ್ಟರೆ, ಅದು ಅವೆರಡನ್ನೇ ಸರದಿಯಂತೆ ಪುನಃಪುನಃ ತುಂಬುತ್ತ 40ನೆಯ ಸಾಲಿನವರೆಗೂ ಒಂದು ಎಚ್ಚರಿಕೆಯನ್ನೂ ನೀಡದೆ ಸಾಗುತ್ತದೆ; ಮೂರು ಮೌಲ್ಯಗಳನ್ನು ಕೊಟ್ಟರೆ ಮಾತ್ರ, 40 ಮೂರರಿಂದ ಭಾಗವಾಗದ ಕಾರಣ, ದೋಷವೆಂದು ನಿಲ್ಲುತ್ತದೆ. ಈ ಎರಡೇ ವರ್ಗಗಳನ್ನು ಮೊದಲೇ ಗೊತ್ತುಮಾಡಿದ ಕಲಮಿನಲ್ಲಿ ಆ ಬಳಿಕ 'ಬಾಗಾಯ್ತು' ಎಂದು ಬರೆದರೆ, ಎಚ್ಚರಿಕೆಯೊಂದನ್ನು ಕೊಟ್ಟು, ಆ ಸ್ಥಳವನ್ನು ಬರಿದೆಂದೇ ದಾಖಲಿಸುತ್ತದೆ.

ಸದ್ದಿಲ್ಲದೆ ತುಂಬಿದ ಕಲಂ, ಬರಿದಾದ ಸ್ಥಳ ಈ ಎರಡರಲ್ಲಿ ಬರಿದಾದ ಸ್ಥಳವೇ ಮೇಲೆಂದು ನನ್ನ ದೃಢವಾದ ಅಭಿಪ್ರಾಯ; ಬರಿದನ್ನು ಕಂಡವನು ಹೊಲಕ್ಕೆ ಹೋಗಿ ವಿಚಾರಿಸಿಯಾನು, ಆದರೆ ಒಪ್ಪವಾಗಿ ತುಂಬಿದ ಕಲಮನ್ನು ಕಂಡವನು ವಿಚಾರಿಸನು.