ಐದರ ಮ್ಯಾಲಿನ ಚುಕ್ಕಿ

ಹೋದ ವಾರ ಕಪಾಟ ಸ್ವಚ್ಛ ಮಾಡೂ ಮುಂದ ನಮ್ಮವ್ವನ ಹಳೇ ಗುಂಡಿ ಫೋನ್ ಸಿಕ್ತು. ಗುಜರಿಗೆ ಹಾಕೋಣಂತ ತಗದಿಟ್ಟೆ, ಆದ್ರ ಕೈ ತಾನ ಅದರ ಮ್ಯಾಲೆ ಆಡ್ತು. ನಟ್ಟನಡುವಿನ ಐದರ ಗುಂಡಿ ಮ್ಯಾಲೆ ಸಾಸಿವಿಕಾಳಿಗಿಂತ ಸಣ್ಣದೊಂದು ಉಬ್ಬಿದ ಚುಕ್ಕಿ. ನಿಮ್ಮನ್ಯಾಗೂ ಅಂಥಾ ಫೋನ್ ಇದ್ರ ಕಣ್ಣ ಮುಚ್ಚಿ ಸವರಿ ನೋಡ್ರಿ, ಸಿಗ್ತದ. ಫೋನಿಗೂ ನಮ್ಮ ಬೆರಳಿಗೂ ಇರೋ ನಂಟು ನೂರು ವರ್ಷಕ್ಕಿಂತ ಹಳೇದು. ಅದನ್ನ ಇವತ್ತ ಹೇಳತೇನಿ.

ಅಮೆರಿಕಾದ ಕನ್ಸಾಸ್ ಸಿಟಿಯೊಳಗ ಆಲ್ಮನ್ ಸ್ಟ್ರೋಜರ್ ಅಂತ ಒಬ್ಬಾಂವ ಇದ್ದ. ಸತ್ತವರ ಅಂತ್ಯಸಂಸ್ಕಾರದ ವ್ಯವಸ್ಥಾ ಮಾಡೂದು ಅವನ ಉದ್ಯೋಗ. ಆಗೆಲ್ಲಾ ಫೋನ್ ಎತ್ತಿದ್ರ ಎಕ್ಸ್‌ಚೇಂಜಿನ್ಯಾಗ ಕೂತಾಕಿ ಯಾರು ಬೇಕು ಅಂತ ಕೇಳಿ ತಂತಿ ಜೋಡಸ್ತಿದ್ಲು. ಆಕಿ ತನ್ನ ಗಿರಾಕಿಗಳನ್ನ ಬ್ಯಾರೆಯವರ ಕಡೆ ತಿರಗಸ್ತಾಳ ಅಂತ ಇವಗ ಸಂಶಯ ಬಂತು ಅನ್ನೋ ಕಥಿ ಅದ. ನಡುವ ಯಾರೂ ಬ್ಯಾಡಾದಂಥಾ ಯಂತ್ರಕ್ಕ 1891ರಾಗ ಪೇಟೆಂಟ್ ತಗೊಂಡ. ಮರುವರ್ಷ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಊರಾಗ ಎಕ್ಸ್‌ಚೇಂಜ್ ಸುರು ಆತು. ಅವನ ಮೊದಲಿನ ಫೋನಿಗೆ ಡಯಲ್ ಇರಲಿಲ್ಲ. ಗುಂಡಿ ಇದ್ದವು, ಅಂಕಿ ಎಷ್ಟೋ ಅಷ್ಟು ಸಲ ಒತ್ತಬೇಕು. 87 ಬೇಕಂದ್ರ ಒಂದು ಗುಂಡಿ ಎಂಟು ಸಲ, ಇನ್ನೊಂದು ಏಳು ಸಲ. ಎಣಿಕಿ ತಪ್ಪಿತೋ, ಯಾರದೋ ಮನಿ! 1896ರಾಗ ತಿರಗೋ ಡಯಲ್ ಬಂದ ಮ್ಯಾಲೆ ಆ ಎಣಿಸೋ ಕೆಲಸ ಯಂತ್ರದ ಪಾಲಿಗೆ ಹೋತು.

ನಮ್ಮನಿಗೆ ಬಂದದ್ದೂ ಅಂಥಾದ್ದ ಕರೀ ಫೋನ್. ಬೆಂಗಳೂರಿನ್ಯಾಗ 1948ರಾಗ ಸುರುವಾದ ಐ.ಟಿ.ಐ. ಕಾರ್ಖಾನಿದು. ಬೆರಳ ಹಾಕಿ ತಿರಗಿಸಿ ಬಿಟ್ರ ಡಯಲ್ ಕಿರ್ರ್ ಅಂತ ವಾಪಸ್ ಬರ್ತಿತ್ತಲ್ಲ, ಆವಾಗ ತಂತಿಯೊಳಗಿನ ಕರೆಂಟು ಕಡದು ಕಡದು ಹೋಗ್ತದ. ಒಂದಕ್ಕ ಒಂದು ಸಲ, ಸೊನ್ನಿಗೆ ಹತ್ತು ಸಲ. ಅಪ್ಪ ಬಿಲ್ಲಿಗೆ ಅಂಜಿ ಡಯಲಿಗೆ ಸಣ್ಣ ಕೀಲಿ ಹಾಕಿದ್ರು. ನಾವೇನ್ ಕಡಿಮಿ? ರಿಸೀವರ್ ಇಡೋ ಕಡ್ಡಿ ಟಕಟಕ ಬಡದು ಗೆಳತ್ಯಾರಿಗೆ ಫೋನ್ ಹಚ್ಚತಿದ್ವಿ. ಅದೂ ಕರೆಂಟ್ ಕಡಿಯೋದ ಅಲ್ಲೇನ್ರಿ! ಸ್ಟ್ರೋಜರನ ಎಣಿಕಿ ನಮಗ ಗೊತ್ತಿಲ್ದ ನಾವೂ ಮಾಡಿದ್ವಿ.

ಅಮೆರಿಕಾದ ಬೆಲ್ ಲ್ಯಾಬ್ಸಿನ್ಯಾಗ ಜಾನ್ ಕಾರ್ಲಿನ್ ಅಂತ ಒಬ್ಬ ಮನಃಶಾಸ್ತ್ರಜ್ಞ 1945ರಾಗ ಸೇರಿದ. ಪಿಟೀಲೂ ಬಾರಸ್ತಿದ್ದ. ಫೋನ್ ಕಂಪನಿಯೊಳಗ ಮನಃಶಾಸ್ತ್ರದವರದು ಏನು ಕೆಲಸ ಅಂತೀರಿ? ಕೇಳ್ರಿ. ಆ ಕಾಲಕ್ಕ ಹೊಸಾ ಫೋನಿನ್ಯಾಗ ಅಂಕಿಗಳನ್ನ ಬೆರಳ ಹಾಕೋ ತೂತಿನಿಂದ ತಗದು ಹೊರಗಿನ ಸುತ್ತಿಗೆ ಇಟ್ರು, ಚೆಂದ ಕಾಣ್ತದ ಅಂತ. ಆದ್ರ ಮಂದಿ ನಂಬರ್ ತಿರಗಿಸೋದು ನಿಧಾನ ಆತು. ತೂತಿನ್ಯಾಗ ಕಣ್ಣಿಗೆ ಗುರಿ ಇಲ್ಲಲ್ಲ, ಅದಕ್ಕ ಬೆರಳು ತಡವರಸ್ತದ ಅಂದ ಕಾರ್ಲಿನ್. ಪ್ರತಿ ತೂತಿನ ಕೆಳಗ ಒಂದು ಬಿಳಿ ಚುಕ್ಕಿ ಇಡಿಸಿದ. ಮೊದಲಿನ ವೇಗ ವಾಪಸ್ ಬಂತು. ಒಂದು ಚುಕ್ಕಿಯಿಂದ!

ಆಮ್ಯಾಲೆ ಗುಂಡಿಗಳನ್ನ ಹೆಂಗ ಜೋಡಸಬೇಕು ಅನ್ನೋ ಪ್ರಶ್ನಿ ಬಂತು. ಲೆಕ್ಕ ಮಾಡೋ ಯಂತ್ರದಾಗ 7-8-9 ಮ್ಯಾಲಿನ ಸಾಲಿನ್ಯಾಗ ಇರ್ತಾವ. ಅದನ್ನ ಹಂಗ ಎತ್ತಿ ಇಡಬಹುದಿತ್ತು. ಇಡಲಿಲ್ಲ. ಐದೈದರ ಎರಡು ಸಾಲು, ಡಯಲಿನಂಗ ಗುಂಡಗ, ಮೂರು ಮೂರರ ಚೌಕ ಹಿಂಗ ಹತ್ತಾರು ನಮೂನಿ ಮಾಡಿ ಮಂದಿ ಕೈಗೆ ಕೊಟ್ಟು ಒತ್ತಿಸಿದ್ರು. ಎಷ್ಟು ಹೊತ್ತು ಹಿಡೀತು, ಎಷ್ಟು ತಪ್ಪಾತು, ಯಾವುದು ಮನಸಿಗೆ ಬಂತು ಎಲ್ಲಾ ಬರಕೊಂಡ್ರು. ಗುಂಡಿ ಎಷ್ಟು ಅಗಲ ಇರಬೇಕು, ಎಷ್ಟು ಒಳಗ ಹೋಗಬೇಕು, ಎಷ್ಟು ಬಿರುಸಿರಬೇಕು ಅಂತನೂ ನೋಡಿದ್ರು. ಡೀನಿಂಗರ್ ಅನ್ನೋರು 1960ರಾಗ ಅದನ್ನೆಲ್ಲಾ ಬರದು ಪ್ರಕಟ ಮಾಡಿದ್ರು. ಭಾಳ ನಮೂನಿಗಳೊಳಗ ಅಂಥಾ ದೊಡ್ಡ ಫರಕು ಬರಲಿಲ್ಲ. ಕಡಿಮಿ ಜಾಗಾದಾಗ ಕೂಡೋ, 1-2-3 ಮ್ಯಾಲೆ ಇರೋ ಚೌಕನ ಗೆದ್ದಿತು. 1963ರ ನವೆಂಬರ್ 18ಕ್ಕ ಪೆನ್ಸಿಲ್ವೇನಿಯಾದ ಕಾರ್ನೆಗಿ, ಗ್ರೀನ್ಸ್‌ಬರ್ಗ್ ಅನ್ನೋ ಎರಡು ಊರಾಗ ಹತ್ತು ಗುಂಡಿ ಫೋನ್ ಬಂತು. ಚಿಕ್ಕಿ ಗುಂಡಿ, ಜಾಳಿಗಿ ಗುಂಡಿ ಸೇರಿ ಹನ್ನೆರಡಾದದ್ದು 1968ರಾಗ.

ಮುಂದ ಐದರ ಮ್ಯಾಲೆ ಉಬ್ಬು ಚುಕ್ಕಿನೂ ಬಂತು. ಅದೊಂದು ಬೆರಳಿಗೆ ಸಿಕ್ರ ಸಾಕು, ಉಳದವೆಲ್ಲಾ ಅದರ ನೆರೆಹೊರೆ.

ನಮ್ಮವ್ವಗ ಕಾಚಬಿಂದು ಆಗಿ ಕಣ್ಣು ಹೋಗ್ತಾ ಬಂದಾಗ ಆ ಚುಕ್ಕಿನ ಆಕಿ ಕಣ್ಣಾಗಿತ್ತು. ಎಲ್ಲಾರ ನಂಬರ್ ಬಾಯಿಪಾಠ. ಹಂಗಿದ್ದಾಗ ನಾನ ಶಾಣ್ಯಾಕಿ, ಆಕಿ ಹುಟ್ಟಿದಹಬ್ಬಕ್ಕ ಗಾಜಿನ ಫೋನ್ ತಂದು ಕೈಗಿಟ್ಟೆ. ಹಳೇದನ್ನ ಕಪಾಟಿಗೆ ಹಾಕಿದೆ. ಒಂದಿನ ರಾತ್ರಿ ಎರಡು ಗಂಟೆಕ್ಕ ಅಪ್ಪ ಬಚ್ಚಲದಾಗ ಬಿದ್ರು. ಅವ್ವ ಫೋನ್ ಹಿಡಕೊಂಡು ಸವರಿದ್ದ ಸವರಿದ್ದು. ಗಾಜು ಎಲ್ಲಾ ಕಡೆ ಒಂದ ನಮೂನಿ ನುಣ್ಣಗ. ಐದು ಎಲ್ಲದ? ಹಾಲಿನವ ಬರೋತನಕ ಮೂರು ತಾಸು ಅಪ್ಪನ ತಲಿ ತೊಡಿ ಮ್ಯಾಲೆ ಇಟಗೊಂಡು ಕೂತಿದ್ಲು. ಅಪ್ಪನ ಚಪ್ಪಿ ಎಲುಬು ಮುರದಿತ್ತು, ಜೀವ ಉಳೀತು. ದವಾಖಾನಿಯೊಳಗ ಅವ್ವ ನನ್ನ ಕೈ ಹಿಡದು ಅಂದದ್ದು ಒಂದ ಮಾತು: "ನಾ ಹೆಡ್ಡಿ ನೋಡವಾ, ನನಗ ಹಚ್ಚಾಕ ಬರಲಿಲ್ಲ."

ಆಕಿ ಹೆಡ್ಡಿ ಅಲ್ರಿ. ದೂರದ ಆ ಲ್ಯಾಬಿನವರು ಗುರ್ತಿಲ್ಲದ ಮಂದಿ ಬೆರಳನ್ನ ಅಷ್ಟು ಕೇಳಿದ್ರು. ನಾನು ಹೆತ್ತವ್ವನ ಬೆರಳನ್ನ ಒಂದು ಸಲ ಕೇಳಲಿಲ್ಲ. ಗಾಜಿನ ಫೋನೂ ಮಾತಾಡಿ ಹೇಳೂ ಹಂಗ ಮಾಡಲಿಕ್ಕೆ ಬರ್ತದ ಅಂತ ನನಗ ಆಮ್ಯಾಲೆ ತಿಳೀತು. ಅದನ್ನೂ ಮಾಡಿಕೊಟ್ಟಿದ್ದಿಲ್ಲ. ಮರುದಿನನ ಹಳೇ ಫೋನ್ ತಗದು ಚಾರ್ಜ್ ಮಾಡಿಕೊಟ್ಟೆ. ಕಡೀತನಕ ಅದು ಆಕಿ ತಲಿದಿಂಬಿನ ಕೆಳಗನ ಇತ್ತು.

ಹಿರ್ಯಾರಿಗೆ ಫೋನೋ, ಒತ್ತೋ ಒಲಿನೋ, ಮಿಕ್ಸರೋ ತರೂ ಮುಂದ ಅವರನ್ನೂ ಅಂಗಡಿಗೆ ಕರಕೊಂಡು ಹೋಗ್ರಿ. ಕಣ್ಣ ಮುಚ್ಚಿ ಒಂದು ಸಲ ಹಚ್ಚಿ ಆರಸಲಿ. ಬರಲಿಲ್ಲಂದ್ರ ಆ ಸಾಮಾನು ಅಲ್ಲೇ ಬಿಟ್ಟು ಬರ್ರಿ.

ಫೋನ್ ಗುಜರಿಗೆ ಹಾಕಲಿಲ್ಲ. ಒರಸಿ ವಾಪಸ್ ಕಪಾಟಿನ್ಯಾಗ ಇಟ್ಟೇನಿ.